ಅಜ್ಜಿ ಹಾರಿಸಿದ ಚಮಚ

ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದ ಅಡುಗೆಯಮ್ಮ ನಿವೃತ್ತಳಾದ ಖುಷಿಗೆ, ಮಗ ಸೊಸೆ ಆ ಮಧ್ಯಾಹ್ನ ಅವಳನ್ನು ದೊಡ್ಡ ಹೋಟೆಲಿಗೆ ಕರೆದೊಯ್ದಿದ್ದರು. "ಅತ್ತೆ, ಇವತ್ತಾದ್ರೂ ಬೇರೆಯವರ ಅಡುಗೆಗೆ ಹೆಸರಿಡಬೇಡಿ," ಎಂದು ಸೊಸೆ ದಾರಿಯಲ್ಲೇ ಕೈಮುಗಿದಿದ್ದಳು.

ಆರು ವರ್ಷದ ಮೊಮ್ಮಗಳಿಗೆ ಕಡಲೆಕಾಯಿ ಒಗ್ಗುತ್ತಿರಲಿಲ್ಲ. ಹಿಂದೊಮ್ಮೆ ಒಂದೇ ಕಾಳಿಗೆ ಉಸಿರು ಕಟ್ಟಿ, ಜೀವ ಉಳಿದದ್ದೇ ಹೆಚ್ಚಾಗಿತ್ತು. ಹಾಗಾಗಿ ಮಗ ಎರಡೆರಡು ಸಲ ವಿಚಾರಿಸಿದ. "ಒಂದು ಚೂರೂ ಹಾಕಿಲ್ಲ ಸಾರ್," ಎಂದ ಬಡಿಸುವವನು.

ತಂದಿಟ್ಟ ಗ್ರೇವಿಯ ಆವಿ ಮೂಗಿಗೆ ಬಡಿದದ್ದೇ ತಡ, ಅಡುಗೆಯಮ್ಮ ಮೊಮ್ಮಗಳ ಕಡೆ ತಿರುಗಿದಳು. ಮಗು ಆಗಲೇ ಚಮಚದ ತುಂಬ ಗ್ರೇವಿ ಎತ್ತಿಕೊಂಡು ಬಾಯಿ ತೆರೆದಿತ್ತು. ಕೂಗುವಷ್ಟು ಹೊತ್ತಿರಲಿಲ್ಲ; ಅವಳು ಕೈಬೀಸಿ ಚಮಚವನ್ನೇ ಹಾರಿಸಿಬಿಟ್ಟಳು. ಗ್ರೇವಿಯೆಲ್ಲ ಸೊಸೆಯ ಹೊಸ ಬಟ್ಟೆಯ ಮೇಲೆ. ಸುತ್ತ ಕೂತವರು ತಿರುಗಿ ನೋಡಿದರು.

"ಏನಮ್ಮಾ ಇದು? ಮಾನ ತೆಗೀತೀಯಲ್ಲ!" ಮಗ ಹಲ್ಲು ಕಡಿದ.

"ಕಡಲೆಕಾಯಿ ವಾಸನೆ ಕಣೋ. ಒಳಗೆ ಹೋಗಿ ಕೇಳು."

ಬಾಣಸಿಗನೇ ಹೊರಗೆ ಬಂದ. "ಗಟ್ಟಿಯಾಗ್ಲಿ ಅಂತ ಎರಡು ಚಮಚ ಕಡಲೆಕಾಯಿ ಪುಡಿ ಹಾಕ್ದೆ," ಎನ್ನುವಾಗ ಅವನ ಮುಖ ಬಿಳಿಚಿಕೊಂಡಿತ್ತು.

ಸೊಸೆ ಮಗುವಿನ ತುಟಿ, ನಾಲಿಗೆ ಮುಟ್ಟಿ ಮುಟ್ಟಿ ನೋಡಿದಳು. ಏನೂ ತಾಗಿರಲಿಲ್ಲ. ಆಮೇಲೆ ಅತ್ತೆಯ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಜ್ಜೀ, ನಂಗೆ ಹಸಿವು," ಎಂದಿತು ಮಗು.