ನೇರ ಕೈಯ ಸೊಟ್ಟ ಹೊಲಿಗೆ

ಬೆಳಗಿನ ಐದೂವರೆ. ಸಿನಿಮಾ ಸ್ಟುಡಿಯೋದ ಹಿಂಬದಿಯ ಹೊಲಿಗೆ ಕೋಣೆಯಲ್ಲಿ ಒಂದೇ ದೀಪ. ಅದರಡಿ ಕುಳಿತ ಐವತ್ನಾಲ್ಕರ ಹೆಂಗಸು ಹಳೆಯ ಮಳೆಕೋಟಿನ ನೀಲಿ ಬಟ್ಟೆಗೆ ಬೇಕೆಂದೇ ಸೊಟ್ಟಗೆ ಹೊಲಿಗೆ ಹಾಕುತ್ತಿದ್ದಾರೆ. ನಾಲ್ಕು ಉದ್ದ, ಒಂದು ಗಿಡ್ಡ, ಆಮೇಲೊಂದು ಗಂಟು. ಪಕ್ಕದ ಮಾದರಿಯೊಂದಿಗೆ ಟೇಪು ಹಿಡಿದು ನೋಡುತ್ತಾರೆ. ಒಂದು ಹೊಲಿಗೆ ನೆಟ್ಟಗೆ ಬಿದ್ದಿದೆ. ಬಿಚ್ಚುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದು. ಆಕಾಶದಲ್ಲಿ ಹಾರುವ ನಾಯಕನೊಬ್ಬನ ಸರಣಿ ಚಿತ್ರಗಳಿಗೆ ಹನ್ನೆರಡು ವರ್ಷದಿಂದ ಉಡುಪು ಹೊಲಿಯುತ್ತಿರುವವರು. ಹಿಂದಿನ ಎರಡು ಚಿತ್ರಗಳು ನೆಲಕಚ್ಚಿದ ಮೇಲೆ ನಿರ್ಮಾಪಕರು ಹೊಸ ನಟನನ್ನು ಹಾಕಿಕೊಂಡು ಕಥೆಯನ್ನು ಬುಡದಿಂದಲೇ ಶುರು ಮಾಡಿದ್ದಾರೆ. ಮೊದಲೆಲ್ಲ ನಾಯಕನಿಗೆ ಉಡುಪು ಕೊಡುತ್ತಿದ್ದವನು ಒಬ್ಬ ವಿಜ್ಞಾನಿ. ಈಗ ನಾಯಕ ಗ್ಯಾರೇಜಿನ ಮೆಕ್ಯಾನಿಕ್. ಸೂಜಿ ಹಿಡಿದೇ ಗೊತ್ತಿಲ್ಲದ ಅವನ ಅಕ್ಕ ಅಡುಗೆಮನೆಯಲ್ಲಿ ಕೂತು, ಮಳೆಕೋಟು ಕತ್ತರಿಸಿ ಮೊದಲ ಉಡುಪು ಹೊಲಿಯುತ್ತಾಳೆ.

ಅಲ್ಲೇ ಶುರುವಾಯಿತು ಸೂಜಿಯಕ್ಕನ ಪೇಚಾಟ. "ಮೂರು ಸಲ ಹೊಲಿದು ಕೊಟ್ಟೆ, ಮೂರು ಸಲವೂ ನಿರ್ದೇಶಕರು ವಾಪಸ್ ಕಳಿಸಿದ್ರು. ಸೊಟ್ಟಗಿದ್ರೂ ಪಳಗಿದ ಕೈ ಅಂತ ಗೊತ್ತಾಗುತ್ತಂತೆ. ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀವಿ ಅಂದ್ರು."

ಹತ್ತನೇ ವಯಸ್ಸಿಗೆ ಅಮ್ಮನ ಪಕ್ಕ ಕೂತು ಕಾಜಾ ಹಾಕಲು ಕಲಿತವರು ಸೂಜಿಯಕ್ಕ. ಹೊಲಿಗೆ ಓರೆಯಾದರೆ ಅಮ್ಮನ ಸ್ಕೇಲು ಬೆರಳ ಗಂಟಿನ ಮೇಲೆ ಬೀಳುತ್ತಿತ್ತು. "ನಲವತ್ತು ವರ್ಷ ಅದೇ ಹೆದರಿಕೇಲಿ ನೆಟ್ಟಗೆ ಹೊಲಿದಿದೀನಿ. ಈಗ ಕೆಡಿಸು ಅಂದ್ರೆ ಕೈ ಕೇಳುತ್ತಾ?"

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ನಿವೃತ್ತ ಬಸ್ ಚಾಲಕರಾದ ಗಂಡನ ಮುಂದೆ ಬಟ್ಟೆ ಹರವಿದರು. "ರೀ, ಈ ತೋಳು ಹೊಲೀರಿ."

"ನನಗೆ ಗುಂಡಿ ಹಾಕೋಕೂ ಬರಲ್ಲ ಕಣೇ."

"ಅದಕ್ಕೇ ಕೊಡ್ತಿರೋದು."

ಯಜಮಾನರು ಒಂದೂವರೆ ಗಂಟೆ ಒದ್ದಾಡಿದರು. ಬೆರಳಿಗೆ ಮೂರು ಸಲ ಚುಚ್ಚಿಸಿಕೊಂಡರು. ಮುಗಿಯಿತೆಂದು ಎದ್ದು ನಿಂತರೆ, ತೋಳೂ ಅವರ ಜೊತೆಗೇ ಎದ್ದಿತು. ತೊಟ್ಟ ಪ್ಯಾಂಟನ್ನೂ ಸೇರಿಸಿ ಹೊಲಿದಿದ್ದರು! ಸೂಜಿಯಕ್ಕ ನಗುತ್ತಲೇ ಗಮನಿಸಿದ್ದರು: ಹೆದರಿದಾಗ ದಾರ ಬಿಗಿ, ಬೇಸರ ಬಂದಾಗ ಹೊಲಿಗೆ ಉದ್ದ. ಅದನ್ನೇ ಮಾದರಿ ಮಾಡಿಕೊಂಡು ಹೊಲಿದ ಉಡುಪನ್ನು ನಿರ್ದೇಶಕರು ನೋಡಿದ ಕೂಡಲೇ ಒಪ್ಪಿದರು.

ಒಪ್ಪಿದ ಮೇಲೆ ಹನ್ನೆರಡು ಬೇಕೆಂದರು. ನೀರಿನ ದೃಶ್ಯಕ್ಕೊಂದು, ಬೆಂಕಿಯ ದೃಶ್ಯಕ್ಕೊಂದು, ಹೊಡೆದಾಟದಲ್ಲಿ ಹರಿದುಹೋಗಲು ನಾಲ್ಕು, ಹೀಗೆ. ಎಲ್ಲವೂ ತದ್ರೂಪ. ಒಂದು ಭುಜಕ್ಕೇ ಇನ್ನೂರ ಹನ್ನೆರಡು ಹೊಲಿಗೆ. ದಿನಕ್ಕೆ ಎರಡು ತೋಳು ಮುಗಿದರೆ ಹೆಚ್ಚು. ಹೆಬ್ಬೆರಳು ಮರಗಟ್ಟಿದೆ, ಕನ್ನಡಕದ ನಂಬರು ಏರಿದೆ. "ತಪ್ಪು ಯಾರು ಬೇಕಾದ್ರೂ ಮಾಡ್ತಾರೆ. ಅದೇ ತಪ್ಪನ್ನ ಹನ್ನೆರಡು ಸಲ ಮಾಡಿ ನೋಡ್ಲಿ," ಎನ್ನುತ್ತಾರೆ.

ಕಳೆದ ವಾರ ನಾಯಕನ ಬದಲಿಗೆ ಹಾರುವ ಡ್ಯೂಪ್ ನಾಲ್ಕನೇ ಮಹಡಿಯಿಂದ ಹಗ್ಗಕ್ಕೆ ಜೋತುಬಿದ್ದ. ಎಲ್ಲರೂ ಅವನ ಹಾರಾಟ ನೋಡುತ್ತಿದ್ದರೆ ಸೂಜಿಯಕ್ಕನ ಕಣ್ಣು ಅವನ ಭುಜದ ಮೇಲೆ. ಇಳಿದವನೇ ನೇರ ಇವರ ಹತ್ತಿರ ಬಂದ. "ಅಕ್ಕಾ, ಮೇಲೆ ನಿಂತು ಈ ಹೊಲಿಗೆ ನೋಡಿ ಜೀವ ಬಾಯಿಗೆ ಬಂದಿತ್ತು. ಇದು ಹೇಗೆ ತಡೀತು?"

ಸೂಜಿಯಕ್ಕ ಕೊರಳಪಟ್ಟಿ ಮಗುಚಿ ಒಳಭಾಗ ತೋರಿಸಿದರು. ಹಗ್ಗ ಸಿಕ್ಕಿಸುವ ದಪ್ಪ ಪಟ್ಟಿಯ ಮೇಲೆ, ಗೆರೆ ಎಳೆದಂತೆ, ಒತ್ತಾದ ಎರಡು ಸಾಲು ಹೊಲಿಗೆ.

"ಹೊರಗಡೆದು ಕಥೇಲಿರೋ ಅಕ್ಕ ಹೊಲಿದಿದ್ದಪ್ಪ," ಎಂದರು. "ಒಳಗಡೆದು ನಾನು."