ಜರಡಿಗೆ ಬಿದ್ದ ರೋಮಿನ ರಾಜ

ಬೈಲಹೊಂಗಲದ ಚಹಾದಂಗಡಿಗಳಲ್ಲಿ ಆಗ ಎಲ್ಲರೂ ಹೇಳುತ್ತಿದ್ದುದು ಒಂದೇ: ಸವದತ್ತಿಯ ಆಚೆ, ಮಲಪ್ರಭೆಯ ದಂಡೆಯ ದಿಬ್ಬದಲ್ಲಿ ರೋಮನ್ನರ ಊರು ಸಿಕ್ಕಿದೆ. ಸಿಕ್ಕಿದ್ದೇನು? ಒಂದು ಬೆಳ್ಳಿ ನಾಣ್ಯ. ನಮ್ಮ ಮನೆಯ ಗೋಡೆಗೆ ಜರ್ಮನಿಯ ಗಡಿಯಾರವಿದೆ. ಹಾಗಾದರೆ ನಾವು ಜರ್ಮನರೇ ಎಂದೆ. ಗೆಳೆಯರು ನಕ್ಕರು, ಜೊತೆಗೆ ಬರಲು ಮಾತ್ರ ಯಾರೂ ಒಪ್ಪಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ನನ್ನಂಥವನ ಪಕ್ಕ ಬಸ್ಸಿನಲ್ಲಿ ಕೂರುವುದು ಯಾರಿಗೆ ಬೇಕು?

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಒಬ್ಬನೇ ಹೊರಟೆ. ಸವದತ್ತಿಗೆ ಎರಡು ರೂಪಾಯಿ ಚಿಲ್ಲರೆ ಟಿಕೀಟು. ಅಲ್ಲಿಂದ ರಾಮದುರ್ಗದ ಬಸ್ಸು ಹಿಡಿದು, ಕಂಡಕ್ಟರ್ ತೋರಿಸಿದ ಬೇವಿನ ಮರದ ಬಳಿ ಇಳಿದೆ. ಬಸ್ಸಿನ ಧೂಳು ತಗ್ಗುವವರೆಗೂ ಅಲ್ಲೇ ನಿಂತಿದ್ದೆ. ಜೋಳ ಕೊಯ್ದ ಎರೆಹೊಲಗಳಲ್ಲಿ ಎರಡು ಮೈಲಿ ನಡೆದರೂ ಮಾತಾಡಿಸಲು ಒಂದು ನರಪಿಳ್ಳೆ ಸಿಗಲಿಲ್ಲ. ನನ್ನ ವಾದವನ್ನು ನನಗೇ ಒಪ್ಪಿಸುತ್ತ ಹೋದೆ.

ದಿಬ್ಬದ ಮೇಲೆ ಚೌಕಾಕಾರದ ಐದು ತಗ್ಗು, ಇಟ್ಟಿಗೆಯ ಒಂದು ಮೋಟುಗೋಡೆ, ಮಡಕೆ ಚೂರುಗಳ ರಾಶಿ. ಉತ್ಖನನದ ಸಾಹೇಬರು ಸವದತ್ತಿಗೆ ಹೋಗಿದ್ದರು. ಊಟದ ಹೊತ್ತು, ಕೆಲಸದವರು ಗುಂಪಾಗಿ ಕೂತಿದ್ದರು, ನಾನು ದೂರದಲ್ಲಿ ಡೇರೆಯ ನೆರಳಿಗೆ. ಅಗೆದ ಮಣ್ಣನ್ನು ಜರಡಿ ಹಿಡಿಯುವ ಗಂಗವ್ವ ಎಂಬ ಐವತ್ತರ ಹೆಂಗಸು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ತಂದುಕೊಟ್ಟು ಎದುರಿಗೇ ಕೂತಳು. ಗಡಿಯಾರದ ಮಾತು ಹೇಳಿದೆ. ಆಕೆ ನಕ್ಕು, ಬರಿಗೊರಳನ್ನು ಮುಟ್ಟಿಕೊಂಡಳು.

"ಆ ಬೆಳ್ಳಿ ಬಿಲ್ಲಿ ನಂದ, ತಮ್ಮಾ. ನಮ್ಮವ್ವ ಸಾಯೂ ಮುಂದ ತನ್ನ ಕೊಳ್ಳಾಗಿಂದ ಬಿಚ್ಚಿ ಕಟ್ಟಿದ್ದು. ಅದರ ಮ್ಯಾಗಿನ ಮಾರಿಗೆ ನಾವು ಅಜ್ಜ ಅಂತಿದ್ವಿ. ಪೇಪರದಾಗ ಅವನ್ನ ರೋಮಿನ ರಾಜಾ ಮಾಡ್ಯಾರ."

ಕರಿದಾರ ಹರಿದು ನಾಣ್ಯ ಜರಡಿಗೆ ಬಿದ್ದಿತ್ತು. ಆಕೆ ಗಮನಿಸುವ ಮೊದಲೇ ಪಕ್ಕದವಳು ಕೂಗಿದಳು, ಸಾಹೇಬರು ಓಡಿ ಬಂದರು. ಆ ವಾರವೇ ಮುಚ್ಚಬೇಕಿದ್ದ ಅಗೆತವನ್ನು ಮಳೆಗಾಲದವರೆಗೆ ಮುಂದುವರಿಸಲು ಅಪ್ಪಣೆ ಬಂತು. ಊರಿನ ನಲವತ್ತು ಜನಕ್ಕೆ ಕೆಲಸ ಉಳಿಯಿತು. ಆಮೇಲೆ ಬಾಯಿ ಬಿಡುವುದು ಹೇಗೆ? ನಾಣ್ಯದಲ್ಲಿ ತೂತಿತ್ತಲ್ಲ, ಸಾಹೇಬರಿಗೆ ಅನುಮಾನ ಬರಲಿಲ್ಲವೇ ಎಂದೆ. ಆ ಕಾಲದ ಹೆಂಗಸರೂ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರೆಂದು ಅವರೇ ಎಲ್ಲರಿಗೂ ತಿಳಿಸಿ ಹೇಳಿದರಂತೆ.

ನನಗ್ಯಾಕೆ ಹೇಳಿದಿರಿ ಎಂದು ಕೇಳಿದೆ.

"ಊರವರಿಗೆ ಹೇಳಾಕ ಬರೂದಿಲ್ಲ. ನೀ ಬಸ್ ಹತ್ತಿ ಹೋಗಾಂವ."

ಮೂರು ಗಂಟೆಗೆ ಸಾಹೇಬರು ಬಂದರು. ಹತ್ತಿ ತುಂಬಿದ ಡಬ್ಬಿಯಿಂದ ನಾಣ್ಯ ತೆಗೆದು ತೋರಿಸಿದರು. ಮಣ್ಣಿನ ಎಷ್ಟನೆಯ ಪದರದಲ್ಲಿ ಸಿಕ್ಕಿತು ಎಂದೆ. ಸಿಕ್ಕಿದ್ದು ಜರಡಿಯಲ್ಲಿ, ಆದರೆ ಅವತ್ತು ಜರಡಿ ಹಿಡಿದಿದ್ದು ಮೂರನೆಯ ಪದರದ ಮಣ್ಣನ್ನೇ ಎಂದರು.

"ಯಾಕ್ರಿ, ಸಂಶಯ ಅದ ಏನು?"

ಇನ್ನೊಂದು ಮಾತು ಆಡಿದ್ದರೆ ಅವರ ರೋಮು ಕುಸಿಯುತ್ತಿತ್ತು. ಗಂಗವ್ವ ಜರಡಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳ ಹಿಂದಿನ ತಗ್ಗಿನಲ್ಲಿ ಮಣ್ಣಿನ ಬುಟ್ಟಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಇಲ್ಲ ಎಂದೆ. ಗೆಲ್ಲುವ ವಾದವನ್ನು ನಾನು ಬಿಟ್ಟುಕೊಟ್ಟದ್ದು ಅದೇ ಮೊದಲು.

ಸಾಹೇಬರು ಡಬ್ಬಿ ಮುಚ್ಚಿ, ಬರುವ ಸೋಮವಾರ ಇದು ದಿಲ್ಲಿಗೆ ಹೋಗುತ್ತದೆ, ಇನ್ನು ಅಲ್ಲೇ ಇರುತ್ತದೆ ಎಂದರು. ಗಂಗವ್ವನಿಗೂ ಅದು ಗೊತ್ತಾದದ್ದು ಆಗಲೇ. ಸಾಹೇಬರು ಡೇರೆಯೊಳಕ್ಕೆ ಹೋದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಆಕೆಯ ಬಳಿ ಹೋಗಿ ನಿಂತೆ. ಆಕೆ ತಲೆ ಎತ್ತಲಿಲ್ಲ.

"ಯಕ್ಕಾ, ಬಸ್ಸಿಗೆ ಇನ್ನ ಹೊತ್ತೈತಿ. ನಾ ಹೋಗಿ ಸಾಹೇಬರಿಗೆ ಹೇಳ್ಲೇನ್ರಿ, ಬ್ಯಾಡೇನ್ರಿ?"