ಬೇಲಿಯ ಆಚೆಯಿಂದ ಮೊಸರನ್ನ

ನಾನು ನಿಂತಿದ್ದದ್ದು ಬೇಲಿಯ ಒಳಗಡೆ, ಬೇಲಿಯಿಂದ ಎರಡು ಹೆಜ್ಜೆ ದೂರದಲ್ಲಿ. ನನ್ನ ಎಡಕ್ಕೆ ಮಕ್ಕಳ ಪುಟ್ಟ ರೈಲಿನ ನಿಲ್ದಾಣ, ಬಲಕ್ಕೆ ಒಂದು ಕಸದ ಡಬ್ಬ. ೨೦೧೪ರ ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ. ಸಮಯವನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಫೋನಿನಲ್ಲಿ ಒಂದು ಫೋಟೊ ತೆಗೆದೆ. ಅದು ಈಗಲೂ ನನ್ನ ಬಳಿ ಇದೆ. ಅದರಲ್ಲಿ ಎರಡು ವರ್ಷ ಹನ್ನೊಂದು ತಿಂಗಳಿನ ನನ್ನ ಅವಳಿ ಮಕ್ಕಳು, ಮಗಳು ಮತ್ತು ಮಗ, ನನಗೆ ಬೆನ್ನು ಮಾಡಿ ಬೇಲಿಗೆ ಅಂಟಿಕೊಂಡು ನಿಂತಿದ್ದಾರೆ. ಬೇಲಿಯ ಆಚೆ ಹುಲ್ಲಿನ ಮೇಲೆ ನನ್ನ ಅಮ್ಮ ಮಂಡಿಯೂರಿ ಕೂತಿದ್ದಾರೆ. ಅವರ ಬಲಗೈ ಕಬ್ಬಿಣದ ಸರಳುಗಳ ಸಂದಿನಿಂದ ಒಳಗೆ ಬಂದಿದೆ. ಬೆರಳುಗಳಲ್ಲಿ ಮೊಸರನ್ನದ ತುತ್ತು.

ಆ ಫೋಟೊ ತೆಗೆದು ಅರ್ಧ ನಿಮಿಷವೂ ಆಗಿರಲಿಲ್ಲ, ಮಗಳ ತಲೆ ಆ ಸರಳುಗಳ ನಡುವೆ ಸಿಕ್ಕಿಕೊಂಡಿತು.

ಮನೆಯಲ್ಲಿ ಈಗ ಇದನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಹೇಳುವಾಗ ಒಬ್ಬೊಬ್ಬರೂ ಒಂದಿಷ್ಟು ಸೇರಿಸುತ್ತಾರೆ. ನನಗೆ ಇನ್ನೂ ಪೂರ್ತಿಯಾಗಿ ನಗು ಬರುವುದಿಲ್ಲ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಿದ್ದೇನೆ.

ಅಮ್ಮ ಬೇಲಿಯ ಆಚೆ ಏಕಿದ್ದರು ಎಂಬುದನ್ನು ಮೊದಲು ಹೇಳಬೇಕು. ನಾವು ಆಗ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿದ್ದೆವು. ಅವಳಿಗಳು ಹುಟ್ಟಿದ ಮೇಲೆ ಹೆಂಡತಿ ಕೆಲಸ ಬಿಟ್ಟಿದ್ದಳು, ಮನೆ ನನ್ನೊಬ್ಬನ ಸಂಬಳದಲ್ಲಿ ನಡೆಯುತ್ತಿತ್ತು. ಅಮ್ಮ ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಬಂದಿದ್ದರು, ಸೆಪ್ಟೆಂಬರ್ ಮೊದಲ ವಾರ ಹಿಂದಿರುಗುವವರಿದ್ದರು. ಆಕ್ಲೆಂಡಿನ ಆಚೆಗಿದ್ದ ಆ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇರಲಿಲ್ಲ. ನಮ್ಮ ಮಕ್ಕಳಿಗೆ ಸೆಪ್ಟೆಂಬರಿನಲ್ಲಿ ಮೂರು ತುಂಬುತ್ತಿತ್ತು. ಅಲ್ಲಿ ಆಗಸ್ಟ್ ಎಂದರೆ ಚಳಿಗಾಲ, ವಾರದ ದಿನಗಳಲ್ಲಿ ದೊಡ್ಡವರ ಟಿಕೆಟ್ಟಿಗೂ ರಿಯಾಯಿತಿ. ಇವೆಲ್ಲ ಕೂಡಿಬರುವುದು ಆಗಸ್ಟ್ ತಿಂಗಳ ಮೂರು ವಾರಗಳಲ್ಲಿ ಮಾತ್ರ ಎಂದು ನಾನು ಜೂನ್ ತಿಂಗಳಲ್ಲೇ ಕಂಡುಹಿಡಿದಿದ್ದೆ. ಕಂಡುಹಿಡಿದ ದಿನ ಬಹಳ ಖುಷಿಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಕಾರಿನಲ್ಲೇ ಹೋದೆವು. ಹೋಟೆಲು ಹಿಡಿಯಲಿಲ್ಲ. ಆಕ್ಲೆಂಡಿನ ಸ್ಯಾಂಡ್ರಿಂಗಮ್ಮಿನಲ್ಲಿ ನನ್ನ ಹುಬ್ಬಳ್ಳಿಯ ಗೆಳೆಯನ ಮನೆಯಿತ್ತು. ಅವನು ಪೆನ್‌ರೋಸ್‌ನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಹೋಟೆಲಿನ ಮಾತೆತ್ತಿದ್ದಕ್ಕೇ ಫೋನಿನಲ್ಲಿ ಬೈದಿದ್ದ. "ನಮ್ಮ ಮನಿ ಏನ್ ಸುಟ್ಟು ಹೋಗೇತೇನ್ಲೇ? ಸುಮ್ಮ ಬಾ." ಮಂಗಳವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮೊದಲು ನಮ್ಮ ಊಟದ ಚೀಲವನ್ನು ತಾನೇ ಎತ್ತಿ ಕಾರಿನಲ್ಲಿಟ್ಟ.

"ಅಮ್ಮಾರ, ಚಪಾತಿ, ಶೇಂಗಾ ಹಿಂಡಿ, ಮೊಸರನ್ನ ಎಲ್ಲಾ ಐತ್ರಿ. ಒಳಗ ಏನೂ ಕೊಳ್ಳಾಕ ಬಿಡಬ್ಯಾಡ್ರಿ ಇವನ್ನ. ಅಲ್ಲಿ ಒಂದ್ ಪ್ಲೇಟ್ ಚಿಪ್ಸಿನ ರೊಕ್ಕಕ್ಕ ಇಲ್ಲಿ ಎರಡು ದಿವ್ಸದ ಕಾಯಿಪಲ್ಯ ಬರ್ತದ."

"ಇವನಾ ಕೊಳ್ಳೋನು?" ಎಂದರು ಅಮ್ಮ. "ಇವನ ಕೈಯಿಂದ ದುಡ್ಡು ಜಾರೋದುಂಟೇನಪ್ಪಾ?"

ಪಾರ್ಕಿನ ಟಿಕೆಟ್ ಕಿಟಕಿಯ ಮುಂದೆ ಒಂದು ವಿಷಯ ಗೊತ್ತಾಯಿತು. ಯಾವ ಆಟವನ್ನೂ ಆಡದೆ ಸುಮ್ಮನೆ ಜೊತೆಗೆ ಬರುವವರಿಗೂ ಟಿಕೆಟ್ ಇತ್ತು. ಕಡಿಮೆ ಬೆಲೆಯದು, ಆದರೆ ಇತ್ತು. ಜೂನ್ ತಿಂಗಳ ನನ್ನ ಯೋಜನೆಯಲ್ಲಿ ಅದು ಇರಲಿಲ್ಲ.

"ಸುಮ್ನೆ ಕೂರಕ್ಕೂ ದುಡ್ಡಾ?" ಎಂದರು ಅಮ್ಮ. "ನಾನು ಹೊರಗಡೆನೇ ಇರ್ತೀನಿ. ಬಿಸ್ಲೂ ಚೆನ್ನಾಗಿದೆ. ಊಟದ ಚೀಲ ಕಾಯಕ್ಕೂ ಒಬ್ರು ಬೇಕಲ್ಲ."

ಹೆಂಡತಿ ಒಪ್ಪಲಿಲ್ಲ. "ಅತ್ತೆ ಹೊರಗೆ, ನಾವು ಒಳಗೆ. ಏನ್ ಚೆನ್ನಾಗಿರತ್ತೆ ರೀ?"

"ಪಾರ್ಕ್ ನೋಡಕ್ಕೆ ನಾನು ಇಷ್ಟು ದೂರ ಬಂದಿಲ್ಲ ಕಣೇ. ಮಕ್ಕಳ್ನ ನೋಡಕ್ಕೆ ಬಂದಿರೋದು. ಅವು ಬೇಲಿ ಸಂದೀಲೂ ಕಾಣತ್ವೆ."

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು "ಹನ್ನೆರಡಕ್ಕೆ ಊಟಕ್ಕೆ ಆಚೆ ಬಂದೇ ಬರ್ತೀವಲ್ಲ" ಎಂದೆ. ಆ ಮಾತು ಹೇಳಿದವನು ನಾನೇ. ಅಮ್ಮ ಬೇಡ ಎಂದಿದ್ದು ಒಳಗೊಳಗೇ ನನಗೆ ಹಗುರವೆನಿಸಿತ್ತು.

ಪಾರ್ಕು ಅರ್ಧಕ್ಕರ್ಧ ಖಾಲಿ. ಸಾಲಿನಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಮಕ್ಕಳು ಪುಟ್ಟ ರೈಲಿನಲ್ಲಿ ಒಂದರ ಮೇಲೊಂದು ಐದು ಸುತ್ತು ಹೋದರು. ಪ್ರತಿ ಸುತ್ತಿನಲ್ಲೂ ರೈಲು ಬೇಲಿಯ ಪಕ್ಕ ಬಂದಾಗ ಅಮ್ಮ ಆಚೆಯಿಂದ ಕೈ ಬೀಸುತ್ತಿದ್ದರು, ಇವರಿಬ್ಬರೂ "ಬೈ ಅಜ್ಜಿ" ಎಂದು ಕೂಗುತ್ತಿದ್ದರು. ಆರನೇ ಸುತ್ತಿಗೆ ರೈಲು ಬೇಡವಾಯಿತು, ಅಜ್ಜಿ ಬೇಕಾಯಿತು. ಇಳಿದವರೇ ಬೇಲಿಗೆ ಓಡಿದರು.

ಬೇಲಿ ನನ್ನ ತಲೆಗಿಂತ ಎತ್ತರವಿತ್ತು. ನೆಟ್ಟಗೆ ನಿಂತ ಹಸಿರು ಬಣ್ಣದ ಸರಳುಗಳು. ಬುಡದಲ್ಲಿ ಉದ್ದಕ್ಕೂ ಒಂದು ಗೇಣಿಗಿಂತ ಕಡಿಮೆ ಎತ್ತರದ ಕಾಂಕ್ರೀಟಿನ ಕಟ್ಟೆ. ಗೇಟು ಅಲ್ಲಿಂದ ದೂರ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಉಣ್ಣಿಸಿ, ಮತ್ತೆ ಒಳಗೆ ತರುವುದರಲ್ಲಿ ಮುಕ್ಕಾಲು ಗಂಟೆ ಹೋಗುತ್ತಿತ್ತು. ಅಮ್ಮ ಡಬ್ಬಿ ತೆರೆದು, ಮೊಸರನ್ನ ಕಲಸಿ, ಸರಳುಗಳ ನಡುವೆ ಕೈ ತೂರಿಸಿದರು. ಮಗ ಬಾಯಿ ತೆರೆದ. ಮಗಳು ಬಾಯಿ ತೆರೆದಳು. ದಾರಿಯಲ್ಲಿ ಹೋಗುತ್ತಿದ್ದ ಆ ಊರಿನ ಒಬ್ಬ ಅಜ್ಜ ನಿಂತು ನೋಡಿ ನಕ್ಕು ಮುಂದೆ ಹೋದ. "ಜೂ ಥರ ಆಯ್ತು" ಎಂದಳು ಹೆಂಡತಿ. "ಒಳ್ಳೇ ಐಡಿಯಾ ಅಮ್ಮ" ಎಂದು ನಾನು ಫೋನು ಹೊರತೆಗೆದೆ.

ಮುಂದಿನದನ್ನು ನಾನು ನೋಡಿದೆ. ಮಗಳು ಕಟ್ಟೆಯ ಮೇಲೆ ಹತ್ತಿ ನಿಂತಳು. ತಮ್ಮನಿಗಿಂತ ಮೊದಲು ತುತ್ತು ಸಿಗಲೆಂದು ತುದಿಗಾಲಿನಲ್ಲಿ ನಿಂತಳು. ಆಚೆ ಒಂದು ಕಡಲಹಕ್ಕಿ ಹಾರಿತು. ಅಮ್ಮ "ಕಾಗೆ ನೋಡು, ಕಾಗೆ" ಎಂದರು. ಬಿಳಿಯದಾದರೂ ಉಣ್ಣಿಸುವಾಗ ಅಮ್ಮನಿಗೆ ಎಲ್ಲವೂ ಕಾಗೆಯೇ. ಮಗಳು ಗಲ್ಲ ಮೇಲೆತ್ತಿ ಆಕಾಶ ನೋಡಿದಳು, ಹಾಗೇ ಮುಂದಕ್ಕೆ ಬಾಗಿದಳು, ತಲೆ ಸರಳುಗಳ ನಡುವೆ ಆಚೆ ಹೋಯಿತು. ಅವಳ ಉಣ್ಣೆಯ ಟೋಪಿ ಹುಲ್ಲಿನ ಮೇಲೆ ಬಿತ್ತು. ಟೋಪಿ ನೋಡಲು ಅವಳು ಗಲ್ಲ ಕೆಳಗಿಳಿಸಿದಳು. ಕಾಲು ಕಟ್ಟೆಯಿಂದ ಜಾರಿತು.

ಕಿರುಚಿದಳು. ನಾನು ಎರಡು ಹೆಜ್ಜೆ ದಾಟಿ ಅವಳ ಭುಜ ಹಿಡಿದು ಹಿಂದಕ್ಕೆ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಕಿವಿಗಳು ಮುಂದಕ್ಕೆ ಮಡಚಿಕೊಂಡವು, ಕಿರುಚಾಟ ಹೆಚ್ಚಾಯಿತು. ಹೆಂಡತಿ ನನ್ನ ಕೈಗಳನ್ನು ಕಿತ್ತು ತೆಗೆದಳು. "ಎಳೀಬೇಡಿ ರೀ! ಕತ್ತು, ಕತ್ತು!" ಅವಳೇ ಮಗಳ ಸೊಂಟಕ್ಕೆ ತೋಳು ಹಾಕಿ ಭಾರ ಕತ್ತಿನ ಮೇಲೆ ಬೀಳದ ಹಾಗೆ ಎತ್ತಿ ಹಿಡಿದುಕೊಂಡಳು. ನನಗೆ ಕಾಣುತ್ತಿದ್ದದ್ದು ಮಗಳ ಬೆನ್ನು, ಜಾಕೆಟ್ಟು, ಕೂದಲಿನ ಹಿಂಭಾಗ, ಅಷ್ಟೇ. ಟಿಕೆಟ್ ಕೊಂಡು ಒಳಗೆ ಬಂದವರೆಲ್ಲ ಅವಳ ಬೆನ್ನ ಹಿಂದೆ ಇದ್ದೆವು. ಅವಳ ಮುಖ ಕಾಣುತ್ತಿದ್ದದ್ದು ಅಮ್ಮನಿಗೆ ಮಾತ್ರ.

"ಮುಖ ಹೇಗಿದೆ ಅಮ್ಮ? ತುಟಿ? ತುಟಿ ಬಣ್ಣ ಹೇಗಿದೆ?" ನಾನು ಕೂಗಿದೆ.

"ತುಟಿಗೆ ಮೊಸರು ಮೆತ್ಕೊಂಡಿದೆ, ಇನ್ನೇನಿಲ್ಲ. ನೀನು ಕೂಗ್ಬೇಡ. ನೀನು ಕೂಗಿದ್ರೆ ಅದು ಹೆದರತ್ತೆ." ಅಮ್ಮ ಡಬ್ಬಿ ಬದಿಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಅಂಗೈಗಳಲ್ಲಿ ಅವಳ ಕೆನ್ನೆ ಹಿಡಿದರು. "ಏನಾಯ್ತೇ ಬಂಗಾರಿ? ಅಜ್ಜಿ ಮನೆಗೆ ತಲೆ ಮಾತ್ರ ಬಂತಾ? ಕಾಲು ಎಲ್ಲಿ ಬಿಟ್ಟು ಬಂದೆ?"

ಕಿರುಚಾಟ ಅಳುವಾಯಿತು. "ಅಜ್ಜಿ, ಐ ಸ್ಟಕ್."

"ಹೂಂ, ಸ್ಟಕ್ಕು. ಅಜ್ಜಿ ಇಲ್ಲೇ ಇದೀನಿ ಕಣೇ."

ಆ ಹೊತ್ತಿಗೆ ಮಗ "ಮೀ ಟೂ!" ಎಂದು ಪಕ್ಕದ ಸಂದಿಗೆ ತನ್ನ ತಲೆ ಒತ್ತುತ್ತಿದ್ದ. ನಾನು ಅವನ ಜಾಕೆಟ್ಟಿನ ಕಾಲರು ಹಿಡಿದು ಹಿಂದೆಳೆದೆ. ಆ ಸಂದಿ ಚಿಕ್ಕದಿತ್ತು, ತಲೆ ಹೋಗುತ್ತಿರಲಿಲ್ಲ. ಅದು ಹೊಳೆದ ಕ್ಷಣ ಮಗಳ ಪಕ್ಕದ ಸರಳನ್ನು ಮೊದಲ ಬಾರಿ ಸರಿಯಾಗಿ ನೋಡಿದೆ.

ಅಷ್ಟರಲ್ಲಿ ಪಾರ್ಕಿನ ಒಬ್ಬ ಕೆಲಸಗಾರ್ತಿ ಬಂದಿದ್ದಳು. ಐವತ್ತು ದಾಟಿದ ಭಾರಿ ಮೈಯ ಹೆಂಗಸು, ಸೊಂಟದಲ್ಲಿ ವಾಕಿಟಾಕಿ. ಓಡಿ ಬರಲಿಲ್ಲ, ಬೇಗ ನಡೆದು ಬಂದಳು. ಮಗಳ ಬೆನ್ನ ಮೇಲೆ ಕೈಯಿಟ್ಟು ಉಸಿರಾಟ ನೋಡಿದಳು. "ನೋ ರಶ್, ಲವ್" ಎಂದು, ಅವಸರವಿಲ್ಲ ಮಗಳೇ ಎನ್ನುವ ಹಾಗೆ, ನನ್ನ ಹೆಂಡತಿಗೆ ಹೇಳಿದಳು. ಅಗ್ನಿಶಾಮಕದವರನ್ನು ಕರೆಸುತ್ತೇನೆ, ಸರಳು ಅಗಲಿಸುವ ಸಾಧನ ಅವರ ಬಳಿ ಇರುತ್ತದೆ, ಹತ್ತು ನಿಮಿಷವಾಗಬಹುದು ಎಂದಳು. ಅಷ್ಟು ಹೊತ್ತೂ ಹೆಂಡತಿ ಅವಳನ್ನು ಹಾಗೇ ಎತ್ತಿ ಹಿಡಿದಿರಬೇಕಿತ್ತು.

ಮಗಳ ಎರಡು ಬದಿಯ ಸರಳುಗಳಲ್ಲಿ ಒಂದು ಪಕ್ಕಕ್ಕೆ ಬಾಗಿತ್ತು. ಯಾವಾಗಲೋ ಯಾವುದೋ ಕಾರು ಹಿಂದೆ ಬರುವಾಗ ತಾಗಿರಬೇಕು. ಬಾಗು ಬಹಳವೇನಿರಲಿಲ್ಲ, ಅದರ ಹೊಟ್ಟೆಯಲ್ಲಿ ಒಂದು ಬೆರಳಿನಷ್ಟು ಹೆಚ್ಚು ಜಾಗ. ಆ ಹೊಟ್ಟೆ ಮಗಳ ತಲೆಗಿಂತ ಮೇಲಿತ್ತು. ಅವಳು ಹೋದದ್ದು ಅಲ್ಲಿಂದ, ಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು, ಗಲ್ಲ ಎತ್ತಿಕೊಂಡು. ಸಿಕ್ಕಿಕೊಂಡದ್ದು ಕೆಳಗೆ, ಕಿರಿದಾದ ಕಡೆ, ಗಲ್ಲ ಇಳಿಸಿಕೊಂಡು. ನಾವು ಅವಳನ್ನು ಹಿಡಿದಿದ್ದದ್ದೂ ಎಳೆದದ್ದೂ ಅವಳು ಹೋಗದೇ ಇದ್ದ ಜಾಗದಿಂದ.

ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಲು ಹೋದೆ. ದಿನವೂ ಆಫೀಸಿನಲ್ಲಿ ಆಡುವ ಭಾಷೆ, ಒಂದು ವಾಕ್ಯವೂ ಜೋಡಿಸಲಾಗಲಿಲ್ಲ. ಕನ್ನಡದಲ್ಲಿ ಹೇಳಿದೆ. "ಇವಳನ್ನ ಮೇಲೆತ್ತು. ನಾಲ್ಕು ಬೆರಳು ಮೇಲೆ. ಕಟ್ಟೆ ಮೇಲೆ ನಿಂತಿದ್ಲು, ನಾನು ನೋಡಿದೆ. ಅಮ್ಮ, ಅವಳು ಆಕಾಶ ನೋಡ್ಬೇಕು. ಗಲ್ಲ ಮೇಲೆ ಬರ್ಬೇಕು. ನೀವು ಎತ್ತಬೇಡಿ, ಅವಳೇ ಎತ್ತಬೇಕು."

ಅಮ್ಮ ಏಕೆ ಎಂದು ಕೇಳಲಿಲ್ಲ. ಡಬ್ಬಿಗೆ ಕೈ ಹಾಕಿ ಒಂದು ತುತ್ತು ತೆಗೆದರು. ನಾನು ಕೆಲಸಗಾರ್ತಿಗೆ ಬಾಗಿದ ಸರಳನ್ನು ತೋರಿಸಿ ಕೈಯನ್ನು ಮೇಲಕ್ಕೆ ಆಡಿಸಿದೆ. ಅವಳು ಸರಳು ನೋಡಿದಳು, ನನ್ನನ್ನು ನೋಡಿದಳು, ತಲೆಯಾಡಿಸಿ ವಾಕಿಟಾಕಿ ನೆಲದ ಮೇಲಿಟ್ಟು ಮಂಡಿಯೂರಿದಳು. ಅವಳೂ ಹೆಂಡತಿಯೂ ಸೇರಿ ಮಗಳನ್ನು ನಿಧಾನವಾಗಿ ಎತ್ತಿದರು. ಜಾಕೆಟ್ಟು ಸರಳಿಗೆ ಉಜ್ಜುವ ಸದ್ದು ಕೇಳಿತು. ಅವಳ ಬೂಟು ಕಟ್ಟೆಯ ಮೇಲೆ ನಿಂತಿತು.

"ಆ... ಅಲ್ನೋಡು, ಕಾಗೆ!" ಎಂದರು ಅಮ್ಮ. ತುತ್ತು ಮಗಳ ಬಾಯಿಯ ಬಳಿ ಬಂದು, ಅಲ್ಲಿ ನಿಲ್ಲದೆ, ಅಮ್ಮನ ತಲೆಗಿಂತ ಮೇಲೆ ಹೋಯಿತು.

"ವೇರ್?" ಎಂದಳು ಮಗಳು.

"ಇನ್ನೂ ಮೇಲೆ. ಇನ್ನೂ ಮೇಲೆ ನೋಡು. ಅಗೋ."

ಆಕಾಶದಲ್ಲಿ ಏನೂ ಇರಲಿಲ್ಲ. ಮಗಳ ತಲೆಯ ಹಿಂಭಾಗ ಬೆನ್ನಿನ ಕಡೆಗೆ ವಾಲುವುದು ನನಗೆ ಕಂಡಿತು. ಕೆಲಸಗಾರ್ತಿ ಪಕ್ಕದ ಸಂದಿಗಳಿಂದ ಕೈ ತೂರಿಸಿ ಅವಳ ಎರಡೂ ಕಿವಿಗಳ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಯಾರೂ ಎಳೆಯಲಿಲ್ಲ. ಹೆಂಡತಿ ಅವಳನ್ನು ತನ್ನ ಎದೆಗೆ ಒರಗಿಸಿಕೊಂಡಳು, ಅಷ್ಟೇ. ತಲೆ ಬಂತು. ಮೊದಲು ಬಲಗಿವಿ, ಆಮೇಲೆ ಎಡಗಿವಿ.

ಎಷ್ಟು ಹೊತ್ತು ಸಿಕ್ಕಿಕೊಂಡಿದ್ದಳೆಂದು ಹೇಳಲಾರೆ. ನನ್ನ ಅಂದಾಜು ಏಳೆಂಟು ನಿಮಿಷ. ಹೆಂಡತಿ ಕಾಲು ಗಂಟೆ ಎನ್ನುತ್ತಾಳೆ. ಕಿವಿಗಳು ಕೆಂಪಾಗಿದ್ದವು, ಗಲ್ಲದ ಕೆಳಗೆ ಹಸಿರು ಬಣ್ಣದ ಒಂದು ಗೆರೆಯಿತ್ತು. ಬೇರೇನೂ ಇರಲಿಲ್ಲ. ಅವಳು ತಾಯಿಯ ತೊಡೆಯ ಮೇಲೆ ಕೂತು ಬೇಲಿಯ ಕಡೆ ಕೈಚಾಚಿ ಹೇಳಿದಳು, "ಅಜ್ಜಿ, ಮಮ್ಮು." ತೋರಿಸಿದ ತುತ್ತು ಇನ್ನೂ ಕೊಟ್ಟಿರಲಿಲ್ಲ.

ನಾನು ಕಸದ ಡಬ್ಬದ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದೆ. ಯಾವಾಗ ಕೂತೆನೋ ಗೊತ್ತಿಲ್ಲ.

ಕೆಲಸಗಾರ್ತಿ ವಾಕಿಟಾಕಿಯಲ್ಲಿ ಯಾರೂ ಬರಬೇಕಿಲ್ಲ ಎಂದಳು. ಆಮೇಲೆ ಬೇಲಿಯ ಆಚೆ ನೋಡಿ, ಅಜ್ಜಿ ಹೊರಗೇಕಿದ್ದಾರೆ ಎಂದು ಕೇಳಿದಳು. ನಾನು ನನ್ನ ಮಣಿಕಟ್ಟಿಗೆ ಕಟ್ಟಿದ್ದ ಟಿಕೆಟ್ ಪಟ್ಟಿಯನ್ನು ತೋರಿಸಿದೆ. ಅವಳಿಗೆ ಅರ್ಥವಾಗಿರಬೇಕು. ಸರಕು ತರುವ ಪಕ್ಕದ ಗೇಟಿನ ಬೀಗ ತೆಗೆದು, ತಾನೇ ಹೊರಗೆ ಹೋಗಿ, ಊಟದ ಚೀಲ ಒಂದು ಕೈಯಲ್ಲಿ, ಅಮ್ಮನ ತೋಳು ಇನ್ನೊಂದು ಕೈಯಲ್ಲಿ ಹಿಡಿದು ಕರೆತಂದಳು.

"ಇದಕ್ಕೆ ದುಡ್ಡು ಕೇಳ್ತಾಳೇನೋ ಇವಳು?" ಅಮ್ಮ ಪಿಸುಗುಟ್ಟಿದರು.

"ನಾನು ಟಿಕೆಟ್ ತರ್ತೀನಿ, ಇರಿ" ಎಂದು ಎದ್ದೆ.

"ಈಗ್ಯಾಕೋ? ಒಳಗೆ ಬಂದಾಯ್ತಲ್ಲ!"

ಕೆಲಸಗಾರ್ತಿಯೂ ಬೇಡವೆಂದಳು. ಆದರೂ ಹೋಗಿ ತಂದೆ, ಆಟಗಳೂ ಸೇರಿದ ಪೂರ್ತಿ ಟಿಕೆಟ್. ಅಮ್ಮ ಅದನ್ನು ಕೈಗೆ ಕಟ್ಟಿಸಿಕೊಳ್ಳುವಾಗ ಊರಿಗೆಲ್ಲ ಕೇಳುವ ಹಾಗೆ ಬೈದರು. ಕಟ್ಟಿಸಿಕೊಂಡ ಮೇಲೆ ದಂಡವಾಗಬಾರದೆಂದು ಮಕ್ಕಳ ಜೊತೆ ರೈಲಿನಲ್ಲಿ ಒಂಬತ್ತು ಸುತ್ತು ಹೋದರು. ಸಂಜೆ ಬಿಸಿಲು ಇಳಿಯುವವರೆಗೂ ಇದ್ದೆವು. ಒಳ್ಳೆಯ ದಿನವೇ ಆಯಿತು. ನಾನು ಮಾತ್ರ ಇಡೀ ಮಧ್ಯಾಹ್ನ ಮಗಳ ಜಾಕೆಟ್ಟಿನ ತುದಿ ಬಿಡಲಿಲ್ಲ.

ನನ್ನ ಜೊತೆ ಇದನ್ನು ನೋಡಿದವರಲ್ಲಿ ಹೆಂಡತಿ ಇದ್ದಾಳೆ. ಈ ಬರಹವನ್ನು ಓದಿ, ಕಾಲು ಗಂಟೆಯೇ ಎಂದು ಮತ್ತೆ ಹೇಳಿದ್ದಾಳೆ. ಮಗ ತನಗೆ ಎಲ್ಲ ನೆನಪಿದೆ ಎನ್ನುತ್ತಾನೆ, ನಾನು ಅದನ್ನು ಸಾಕ್ಷಿಯೆಂದು ತೆಗೆದುಕೊಳ್ಳುವುದಿಲ್ಲ. ಆ ಕೆಲಸಗಾರ್ತಿಯ ಹೆಸರು ಕೇಳುವಷ್ಟು ಬುದ್ಧಿ ಆ ದಿನ ನನಗಿರಲಿಲ್ಲ. ಎಲ್ಲಿದ್ದಾಳೋ ತಿಳಿಯದು, ಇದ್ದಾಳೆಂದು ನಂಬಿದ್ದೇನೆ. ಮಗಳ ಮುಖವನ್ನು ಎದುರಿನಿಂದ ನೋಡಿದವರು ಅಮ್ಮ ಒಬ್ಬರೇ. ಅವರು ಮೈಸೂರಿನಲ್ಲಿದ್ದಾರೆ, ಆರೋಗ್ಯವಾಗಿದ್ದಾರೆ. ಆ ಹೊತ್ತು ಅವಳ ಮುಖ ನಿಜವಾಗಿ ಹೇಗಿತ್ತು ಎಂದು ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅವರು ತುಟಿಗೆ ಮೆತ್ತಿದ್ದ ಮೊಸರಿನ ಮಾತನ್ನೇ ಹೇಳಿದ್ದಾರೆ.